ಊರ ದಾರಿಗೆ ಬಹುಮಾನ ಬಂದೀತೆ?

ಶಾಲಾ ಮಕ್ಕಳ ಛಾಯಾಚಿತ್ರ ಸ್ಪರ್ಧೆಯೊಂದರ ತೀರ್ಪಿನ ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಮೇಜಿನ ತುಂಬ ಚಿತ್ರಗಳು. ಕಡಲ ತಡಿಯ ಸೂರ್ಯಾಸ್ತಗಳೇ ಹತ್ತಾರು. ಮೀನು ಕಚ್ಚಿ ಕುಳಿತ ಮಿಂಚುಳ್ಳಿ, ಬೊಚ್ಚುಬಾಯಿ ಬಿಟ್ಟು ನಗುವ ಅಜ್ಜಿ, ಓಕುಳಿಯಲ್ಲಿ ಮಿಂದೆದ್ದ ಹುಡುಗರು. ಇವೆಲ್ಲದರ ನಡುವೆ ಒಂದು ಮಣ್ಣಿನ ದಾರಿಯ ಚಿತ್ರ. ಎರಡೂ ಬದಿಗೆ ಕೊಯ್ಲಾದ ರಾಗಿ ಹೊಲ, ದೂರದಲ್ಲೊಂದು ವಿದ್ಯುತ್ ಕಂಬ. ಜನರಿಲ್ಲ, ದನಕರುಗಳಿಲ್ಲ, ಆಕಾಶದಲ್ಲಿ ಬಣ್ಣದ ಮೋಡವೂ ಇಲ್ಲ.

‘ಇದರಲ್ಲೇನಿದೆ?’ ಎಂದು ಒಬ್ಬ ತೀರ್ಪುಗಾರರು ಅದನ್ನು ಬದಿಗಿಡುತ್ತಾರೆ. ಪಕ್ಕದವರು ಎತ್ತಿಕೊಂಡು ಮತ್ತೊಮ್ಮೆ ನೋಡುತ್ತಾರೆ.

ಇದೇ ಪ್ರಶ್ನೆ, ಚಿತ್ರ ತೆಗೆದ ದಿನ ಆ ಹುಡುಗಿಯ ಮನೆಯಲ್ಲೂ ಎದ್ದಿರಬಹುದು. ‘ದಿನಾ ಓಡಾಡೋ ದಾರಿ, ಅದರ ಫೋಟೊ ಏನು ತೆಗೀತೀಯೇ?’ ಎಂದು ಅಮ್ಮ ನಕ್ಕಿರಬಹುದು. ಪ್ರಶ್ನೆ ತಪ್ಪೇನಲ್ಲ. ಆದರೆ ಅದಕ್ಕೆ ಉತ್ತರ ಹುಡುಕದೆ ಚಿತ್ರವನ್ನು ಬದಿಗಿಟ್ಟರೆ ಮಾತ್ರ ತಪ್ಪಾಗುತ್ತದೆ.

ಖಾಲಿ ದಾರಿಯ ಕಥೆ

ಬರಿಯ ರಸ್ತೆಯ ಚಿತ್ರವೊಂದು ಜಗತ್ತಿನ ನೆನಪಿನಲ್ಲಿ ಉಳಿದ ಉದಾಹರಣೆ ಇದೆ. 1938ರಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ತೆಗೆದ ‘ದಿ ರೋಡ್ ವೆಸ್ಟ್’ ಎಂಬ ಕಪ್ಪು ಬಿಳುಪಿನ ಚಿತ್ರ ಅದು. ನೇರವಾದ ಒಂದು ಹೆದ್ದಾರಿ ದಿಗಂತದವರೆಗೆ ಹೋಗಿ ಮರೆಯಾಗುತ್ತದೆ. ಮರವಿಲ್ಲ, ಮನೆಯಿಲ್ಲ, ಮನುಷ್ಯರ ಸುಳಿವಿಲ್ಲ.

ಆದರೆ ಆ ಕಾಲವನ್ನು ನೆನೆಯಬೇಕು. 1930ರ ದಶಕದಲ್ಲಿ ಬರಗಾಲ ಮತ್ತು ಧೂಳಿನ ಬಿರುಗಾಳಿಗಳಿಂದ ಓಕ್ಲಹೋಮ ಮೊದಲಾದ ಬಯಲು ಸೀಮೆಯ ರೈತರು ಹೊಲಮನೆ ಕಳೆದುಕೊಂಡಿದ್ದರು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಕೆಲಸ ಅರಸುತ್ತ ಪಶ್ಚಿಮದ ಕ್ಯಾಲಿಫೋರ್ನಿಯದ ಕಡೆ ಹೊರಟಿದ್ದರು. ಲ್ಯಾಂಗ್ ಸರ್ಕಾರದ ಕೃಷಿ ಭದ್ರತಾ ಇಲಾಖೆಗಾಗಿ ಅವರ ಪಾಡನ್ನು ಚಿತ್ರಿಸುತ್ತಿದ್ದವರು. 1936ರಲ್ಲಿ ಅವರು ತೆಗೆದ ‘ವಲಸೆಯ ತಾಯಿ’ ಚಿತ್ರದಲ್ಲಿ ಆ ಪಾಡು ಒಂದು ಮುಖದ ಮೇಲೆ ಕಾಣುತ್ತದೆ. ರಸ್ತೆಯ ಚಿತ್ರದಲ್ಲಿ ಅದೇ ಪಾಡು ಮುಖವಿಲ್ಲದೆ ಕಾಣುತ್ತದೆ. ಇನ್ನೆಷ್ಟು ದೂರ, ಅಲ್ಲಿ ಏನಿದೆ ಎಂಬುದು ಆ ದಾರಿ ಹಿಡಿದವರಿಗೂ ಗೊತ್ತಿರಲಿಲ್ಲ. ನೋಡುವವರಿಗೂ ಗೊತ್ತಾಗುವುದಿಲ್ಲ.

ರಸ್ತೆಯ ಚಿತ್ರಗಳನ್ನು ಕಂಡಾಗ ತೀರ್ಪುಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ‘ದಾರಿ ನಮ್ಮ ಕಣ್ಣನ್ನು ಕರೆದೊಯ್ದು ಎಲ್ಲಿ ಬಿಡುತ್ತದೆ?’ ದಾರಿಯ ತುದಿಯಲ್ಲಿ ಒಂದು ಮನೆಯೋ ಮರವೋ ಇರಲಿ ಎಂಬುದು ವಾಡಿಕೆಯ ಸಲಹೆ. ಲ್ಯಾಂಗ್ ಚಿತ್ರದಲ್ಲಿ ದಾರಿ ಎಲ್ಲಿಗೂ ಮುಟ್ಟಿಸುವುದಿಲ್ಲ. ಚಿತ್ರದ ಅರ್ಥವೇ ಅದು. ಹೀಗಾಗಿ ನಿಯಮ ಗೊತ್ತಿರಬೇಕು, ಅದನ್ನು ಯಾವಾಗ ಬಿಡಬಹುದು ಎಂಬುದೂ ಗೊತ್ತಿರಬೇಕು.

ತೀರ್ಪುಗಾರರು ನೋಡುವುದೇನು?

ಮೊದಲಿಗೆ ಕಸುಬು. ದಿಗಂತದ ಗೆರೆ ಓರೆಯಾಗಿದೆಯೇ? ಚಿತ್ರ ಅಲುಗಾಡಿದೆಯೇ? ಆಕಾಶ ಬೆಳ್ಳಗೆ ಸುಟ್ಟುಹೋಗಿದೆಯೇ? ಇವು ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿಗಳು.

ಎರಡನೆಯದು ಬೆಳಕು. ನಡುಮಧ್ಯಾಹ್ನ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಮಣ್ಣಿನ ದಾರಿ ಸಪಾಟಾದ ಕಂದು ಬಣ್ಣದ ಪಟ್ಟಿಯಂತೆ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ಬೆಳಕು ಅಡ್ಡಲಾಗಿ ಬಿದ್ದಾಗ ಪ್ರತಿ ಹೆಂಟೆಗೂ, ಪ್ರತಿ ಗಾಲಿ ಗುರುತಿಗೂ ಒಂದು ನೆರಳು ಹುಟ್ಟುತ್ತದೆ. ಆಗ ಅದೇ ದಾರಿಗೆ ಮೈ ಬರುತ್ತದೆ. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ, ಬೇಗ ಏಳಬೇಕು ಅಷ್ಟೆ.

ಮೂರನೆಯದು ನಿಂತ ಜಾಗ. ನಿಂತು ತೆಗೆದರೆ ಒಂದು ದಾರಿ, ಕುಕ್ಕರಗಾಲಲ್ಲಿ ಕೂತು ತೆಗೆದರೆ ಇನ್ನೊಂದು ದಾರಿ. ಕ್ಯಾಮೆರಾ ನೆಲಕ್ಕೆ ಹತ್ತಿರವಾದಷ್ಟೂ ಮುಂದಿನ ಕಲ್ಲುಮಣ್ಣು ದೊಡ್ಡದಾಗಿ ಕಾಣುತ್ತವೆ.

ಇನ್ನೊಂದು ವಿಷಯ ವಿದ್ಯಾರ್ಥಿಗಳು ತಿಳಿದಿರಬೇಕು. ಚಿತ್ರವನ್ನು ಯಾವ ವಿಭಾಗಕ್ಕೆ ಕಳಿಸುತ್ತೇವೆ ಎಂಬುದೂ ಮುಖ್ಯ. ನಮ್ಮಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ 1953ರಿಂದ, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಈ ಹವ್ಯಾಸವನ್ನು ಬೆಳೆಸಿಕೊಂಡು ಬಂದಿವೆ. ‘ಸಲಾನ್’ ಎಂದು ಕರೆಯುವ ಇಂಥ ವಲಯದ ಸ್ಪರ್ಧೆಗಳಲ್ಲಿ ‘ಪ್ರಕೃತಿ’ ವಿಭಾಗದ ನಿಯಮ ಬಿಗಿ. ಮನುಷ್ಯ ಮಾಡಿದ ವಸ್ತುಗಳು ಅಲ್ಲಿ ಸಾಮಾನ್ಯವಾಗಿ ಕೂಡದು. ಹೊಲದ ನಡುವಿನ ರಸ್ತೆ ಎಷ್ಟೇ ಹಸಿರಾಗಿದ್ದರೂ ಅಲ್ಲಿ ತಿರಸ್ಕಾರವಾದೀತು. ಮುಕ್ತ ವಿಭಾಗದಲ್ಲಿ ಅದೇ ಚಿತ್ರ ಗೆದ್ದೀತು.

ಅಂಕ ಚಿತ್ರಕ್ಕೋ, ಶೀರ್ಷಿಕೆಗೋ?

ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯನ್ನು ತೆಗೆದುಕೊಳ್ಳಿ. ಇಕ್ಕೆಲಗಳಲ್ಲಿ ಆಲದ ಮರಗಳಿರುವ ಹಳ್ಳಿಯ ರಸ್ತೆ. ತಿಳಿಯದವರಿಗೆ ಅದು ನೆರಳಿರುವ ಒಂದು ದಾರಿ ಮಾತ್ರ. ಆದರೆ ಆ ಮರಗಳನ್ನು ನೆಟ್ಟವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ. ಮಕ್ಕಳಿಲ್ಲದ ಆ ದಂಪತಿ ಸಸಿಗಳಿಗೆ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ, ಮಕ್ಕಳಂತೆ ಸಾಕಿದರು. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ಇಷ್ಟು ತಿಳಿದ ಮೇಲೆ ಅದೇ ಚಿತ್ರವನ್ನು ನೋಡುವ ಕಣ್ಣು ಬೇರೆಯಾಗುತ್ತದೆ.

ಹಾಗಾದರೆ ಆ ರಸ್ತೆಯ ಯಾವ ಚಿತ್ರಕ್ಕಾದರೂ ಬಹುಮಾನ ಕೊಡಬಹುದೇ? ಕೊಡಲಾಗದು. ಅಲ್ಲಿ ದೊಡ್ಡ ಕೆಲಸ ಮಾಡಿದವರು ತಿಮ್ಮಕ್ಕ. ಛಾಯಾಗ್ರಾಹಕ ಏನು ಮಾಡಿದ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಆ ಬುಡಗಳ ಗಾತ್ರ, ಸಾಲಿನ ಉದ್ದ, ಹಾದಿಹೋಕನೊಬ್ಬನ ಮೇಲೆ ಬಿದ್ದ ನೆರಳು ಇವುಗಳ ಮೂಲಕ ಆ ಶ್ರಮ ಚಿತ್ರದೊಳಗೇ ಕಂಡರೆ ಅಂಕ ಚಿತ್ರಕ್ಕೆ. ಕೆಳಗೆ ಬರೆದ ಎರಡು ಸಾಲಿನಲ್ಲಿ ಮಾತ್ರ ಕಂಡರೆ ಅದು ಶೀರ್ಷಿಕೆಗೆ ಸಿಗುವ ಅಂಕ.

ನಿಜವೇ, ಹೂಡಿದ್ದೇ?

ರಸ್ತೆಯ ಚಿತ್ರವೂ ವಿವಾದಕ್ಕೆ ಸಿಲುಕಬಲ್ಲದು. 1855ರಲ್ಲಿ ಕ್ರಿಮಿಯಾ ಯುದ್ಧದ ಕಾಲದಲ್ಲಿ ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ ಸೆವಸ್ತೊಪೋಲ್ ಬಳಿಯ ಕಣಿವೆಯೊಂದರ ಮಣ್ಣಿನ ದಾರಿಯನ್ನು ಒಂದೇ ಜಾಗದಿಂದ ಎರಡು ಸಲ ಚಿತ್ರಿಸಿದ. ಒಂದರಲ್ಲಿ ಫಿರಂಗಿ ಗುಂಡುಗಳು ದಾರಿಯ ಮೇಲೆಲ್ಲ ಹರಡಿವೆ. ಇನ್ನೊಂದರಲ್ಲಿ ಅವು ಪಕ್ಕದ ಹಳ್ಳದಲ್ಲಿವೆ, ದಾರಿ ಖಾಲಿ. ಯಾವುದು ಮೊದಲು? ಗುಂಡುಗಳನ್ನು ಯಾರಾದರೂ ದಾರಿಗೆ ತಂದು ಹಾಕಿದರೇ?

ಅಮೆರಿಕದ ಚಲನಚಿತ್ರ ನಿರ್ದೇಶಕ ಎರಲ್ ಮಾರಿಸ್ ಇದನ್ನು ಬಗೆಹರಿಸಲು ಕ್ರಿಮಿಯಾಕ್ಕೇ ಹೋಗಿ ಬಂದರು. 2007ರಲ್ಲಿ ಅವರು ಪ್ರಕಟಿಸಿದ ಉತ್ತರಕ್ಕೆ ಆಧಾರವಾದದ್ದು ಇಳಿಜಾರಿನ ಸಣ್ಣ ಕಲ್ಲುಗಳು. ಗುಂಡುಗಳು ದಾರಿಯ ಮೇಲಿರುವ ಚಿತ್ರದಲ್ಲಿ ಕೆಲವು ಕಲ್ಲುಗಳು ತುಸು ಕೆಳಕ್ಕೆ ಜಾರಿದ್ದವು. ಕಲ್ಲು ತಾನಾಗಿ ಮೇಲೆ ಹತ್ತಲಾರದು. ಆದ್ದರಿಂದ ಖಾಲಿ ದಾರಿಯೇ ಮೊದಲಿನದು. ಗುಂಡುಗಳಿರುವ ಚಿತ್ರವೇ ಹೆಚ್ಚು ಪ್ರಸಿದ್ಧವಾದದ್ದು ಎಂಬುದು ಯೋಚಿಸಬೇಕಾದ ಮಾತು.

ಈಗ ಕಲ್ಲು ಗುಂಡು ಹೊರುವ ಶ್ರಮವೂ ಬೇಕಿಲ್ಲ. ಎಂದೂ ಇಲ್ಲದ ದಾರಿಯ ಚಿತ್ರವನ್ನು ಕಂಪ್ಯೂಟರ್ ಬರೆದುಕೊಡುತ್ತದೆ. 2023ರ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್, ತನ್ನ ಚಿತ್ರ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ್ದು ಎಂದು ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದರು. ಆದ್ದರಿಂದ ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳುವುದು ಸ್ಪರ್ಧಿಗೆ ಒಳ್ಳೆಯ ರಕ್ಷಣೆ.

ತೀರ್ಪುಗಾರರೂ ಎಡವುತ್ತಾರೆ

ಲ್ಯಾಂಗ್ ರಸ್ತೆಯನ್ನು ಚಿತ್ರಿಸಿ 17 ವರ್ಷಗಳಾದ ಮೇಲೆ, 1955ರಲ್ಲಿ, ಸ್ವಿಟ್ಜರ್ಲೆಂಡ್ ಮೂಲದ ರಾಬರ್ಟ್ ಫ್ರ್ಯಾಂಕ್ ಅದೇ ನ್ಯೂ ಮೆಕ್ಸಿಕೊದ ಇನ್ನೊಂದು ಹೆದ್ದಾರಿಯನ್ನು ಮಬ್ಬು ಬೆಳಕಿನಲ್ಲಿ ತೆಗೆದರು. ದೂರದಲ್ಲಿ ಒಂದೇ ಒಂದು ಕಾರು. ಆ ಚಿತ್ರವೂ ಸೇರಿ 83 ಚಿತ್ರಗಳ ‘ದಿ ಅಮೆರಿಕನ್ಸ್’ ಪುಸ್ತಕ 1958ರಲ್ಲಿ ಪ್ಯಾರಿಸ್‌ನಲ್ಲಿ, 1959ರಲ್ಲಿ ಅಮೆರಿಕದಲ್ಲಿ ಹೊರಬಂತು. ‘ಪಾಪ್ಯುಲರ್ ಫೋಟೊಗ್ರಫಿ’ ಪತ್ರಿಕೆಯ ವಿಮರ್ಶಕರು ಮಸುಕು, ಓರೆಯಾದ ದಿಗಂತ, ಅಜಾಗರೂಕ ಕೆಲಸ ಎಂದೆಲ್ಲ ಜರೆದರು. ಇಂದು ಅದು 20ನೆಯ ಶತಮಾನದ ಅತ್ಯಂತ ಪ್ರಭಾವಶಾಲಿ ಛಾಯಾಚಿತ್ರ ಪುಸ್ತಕಗಳಲ್ಲೊಂದು.

ಹಾಗೆಂದು ಮಸುಕಾದ ಚಿತ್ರವೆಲ್ಲ ಶ್ರೇಷ್ಠವಾಗದು. ಬಹುಮಾನ ಬಾರದ ಮಗುವಿಗೆ ‘ತೀರ್ಪುಗಾರರಿಗೆ ಗೊತ್ತಿಲ್ಲ ಬಿಡು’ ಎಂದು ಹೇಳುವುದು ಸುಲಭ, ಆದರೆ ಅದರಿಂದ ಮಗು ಏನನ್ನೂ ಕಲಿಯುವುದಿಲ್ಲ. ಕನಿಕರದಿಂದ ಕೊಟ್ಟ ಬಹುಮಾನವೂ ಏನನ್ನೂ ಕಲಿಸುವುದಿಲ್ಲ. ‘ಇದನ್ನು ಯಾಕೆ ತೆಗೆದೆ? ಅಲ್ಲಿ ಏನು ಕಂಡಿತು? ನೀನು ಕಂಡದ್ದು ಚಿತ್ರದಲ್ಲಿ ಬಂದಿದೆಯೇ?’ ತಂದೆತಾಯಿ ಈ ಮೂರು ಪ್ರಶ್ನೆ ಕೇಳಿದರೆ ಸಾಕು. ತೀರ್ಪುಗಾರರು ತಿರಸ್ಕರಿಸಿದ ಚಿತ್ರದ ಹಿಂದೆ ಒಂದು ಸಾಲು ಕಾರಣ ಬರೆದರೆ ಅದೇ ಮುಂದಿನ ಚಿತ್ರಕ್ಕೆ ಪಾಠ.

ಮತ್ತೆ ಆ ಕೊಠಡಿಗೆ ಬರೋಣ. ಚಿತ್ರ ಎತ್ತಿಕೊಂಡ ತೀರ್ಪುಗಾರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಿಂದಿನ ರಾತ್ರಿ ಮಳೆಯಾಗಿದೆ. ಬೆಳಗಿನ ಅಡ್ಡ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಎರಡು ಅಗಲವಾದ ಜಾಡು. ಅದರ ಅಂಚಿನಲ್ಲಿ ತೆಳ್ಳನೆಯ ಇನ್ನೊಂದು ಗೆರೆ, ನೀರು ನಿಂತ ಗುಂಡಿಯನ್ನು ಬಳಸಿ ಹೋಗಿದೆ. ಯಾರೋ ಆಗಲೇ ಸೈಕಲ್ ತುಳಿದು ಶಾಲೆಗೋ ಡೈರಿಗೋ ಹೋಗಿದ್ದಾರೆ. ಆ ಗೆರೆ ಸರಿಯಾಗಿ ಕಾಣಲೆಂದೇ ಹುಡುಗಿ ನೆಲದ ಹತ್ತಿರ ಕೂತು ತೆಗೆದಿದ್ದಾಳೆ.

‘ಜನ ಇಲ್ಲ ಅಂದಿರಲ್ಲ, ಇಲ್ಲಿ ನೋಡಿ’ ಎನ್ನುತ್ತಾರೆ ಅವರು. ಮೊದಲಿನವರು ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಾರೆ. ಬದಿಗಿಟ್ಟಿದ್ದ ಚಿತ್ರ ಮೇಜಿನ ನಡುವಿಗೆ ಬರುತ್ತದೆ.