ಮಂಕು ನೇರಳೆಗೆ ಹೈದರಾಬಾದಿನ ಮದ್ದು

ಸೀಸಿಯಂ, ಸೀಸ, ಜೊತೆಗೆ ಕ್ಲೋರಿನ್, ಬ್ರೋಮಿನ್ ಇಲ್ಲವೇ ಅಯೋಡಿನ್. ಇವುಗಳ ಲವಣಗಳನ್ನು ಬಿಸಿ ದ್ರಾವಣದಲ್ಲಿ ಕೂಡಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಹ್ಯಾಲೈಡ್ ಪೆರೋವ್‌ಸ್ಕೈಟ್‌ನ ನ್ಯಾನೊ ಹರಳುಗಳು ಸಿದ್ಧ. ಅತಿನೇರಳೆ ದೀಪ ಹಿಡಿದರೆ ಬ್ರೋಮಿನ್ ಹರಳು ಕಣ್ಣು ಕೋರೈಸುವ ಹಸಿರು, ಅಯೋಡಿನ್‌ನದು ಕೆಂಪು. ಬೆರಕೆ ಮಾಡಿದರೆ ನಡುವಿನ ಬಣ್ಣ. ನೇರಳೆ ಸೂಸಬೇಕಾದ ಕ್ಲೋರಿನ್ ಹರಳು ಮಾತ್ರ ಹಿಂದುಳಿದಿತ್ತು: ಹೀರಿದ ನೂರು ಫೋಟಾನ್‌ಗಳಿಗೆ ಹಿಂದಿರುಗಿಸುತ್ತಿದ್ದುದು ಮೂರೋ ನಾಲ್ಕೋ.

ಕಾರಣ, ಹರಳಿನ ಮೈಯಲ್ಲಿ ಕ್ಲೋರೈಡ್ ಅಯಾನುಗಳು ಕಳಚಿಹೋಗಿ ಉಳಿದ ಖಾಲಿ ಜಾಗಗಳು. ಬೆಳಕು ಹೀರಿ ಮೇಲೆದ್ದ ಎಲೆಕ್ಟ್ರಾನ್ ಅಲ್ಲಿ ಸಿಕ್ಕಿಬಿದ್ದು, ತನ್ನ ಶಕ್ತಿಯನ್ನು ಬೆಳಕಾಗಿಸದೆ ಶಾಖವಾಗಿ ಕಳೆದುಕೊಳ್ಳುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ಅನುನಯ್ ಸಾಮಂತ ಅವರ ತಂಡ 2019ರಲ್ಲಿ ಇದಕ್ಕೊಂದು ಸರಳ ಮದ್ದು ತೋರಿಸಿತು. ಎಥನಾಲ್‌ನಲ್ಲಿ ಕರಗಿಸಿದ ಕ್ಯಾಡ್ಮಿಯಂ ಕ್ಲೋರೈಡನ್ನು ಕೋಣೆಯ ತಾಪದಲ್ಲೇ ಬೆರೆಸಿದ್ದೇ ತಡ, ಹರಳಿನ ದಕ್ಷತೆ ಶೇಕಡಾ ನೂರರ ಸನಿಹಕ್ಕೆ ಜಿಗಿಯಿತು! ಬಣ್ಣವೂ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಸೀಸದ ಜೊತೆಗೆ ಕ್ಯಾಡ್ಮಿಯಮ್ಮೂ ಸೇರಿತಲ್ಲ ಎಂಬ ಗೊಣಗಾಟ ನನ್ನದು, ಎರಡೂ ವಿಷವೇ.

ಇಂಥ ಹರಳುಗಳಿಂದ ಲೇಸರ್ ಮಾಡುವ ಆಸೆಯೂ ಇದೆ, ಆದರೆ ಹೊಳಪಿದ್ದ ಮಾತ್ರಕ್ಕೆ ಲೇಸರ್ ಆಗುವುದಿಲ್ಲ. ಒಂದು ಫೋಟಾನ್ ತನ್ನಂಥದೇ ಇನ್ನೊಂದನ್ನು ಹೊರಡಿಸಬೇಕು, ಅದಕ್ಕೆ ಬೆಳಕು ಹರಳಿನ ಮೂಲಕ ಮತ್ತೆ ಮತ್ತೆ ಹಾಯುತ್ತಿರಬೇಕು. 2014ರಲ್ಲಿ ಕೇಂಬ್ರಿಡ್ಜ್‌ನ ತಂಡವೊಂದು ಪೆರೋವ್‌ಸ್ಕೈಟನ್ನು ಕನ್ನಡಿಗಳ ನಡುವೆ ಇರಿಸಿ ಲೇಸರ್ ಬೆಳಕು ಪಡೆಯಿತು. ಕೆಲವೇ ಮೈಕ್ರೋಮೀಟರ್ ಅಗಲದ ನುಣುಪು ಹರಳಿಗಾದರೆ ಕನ್ನಡಿಯೂ ಬೇಡ. ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತು ಗೋಡೆಗಂಟಿ ಸುತ್ತುತ್ತದಲ್ಲ (ಸಿ. ವಿ. ರಾಮನ್ ಅದನ್ನು ಅಧ್ಯಯನ ಮಾಡಿದ್ದರು), ಬೆಳಕೂ ಹಾಗೆಯೇ ಹರಳಿನ ಒಳಗೋಡೆಗಳಿಗೆ ಬಡಿದು ಪ್ರತಿಫಲಿಸುತ್ತ ಸುತ್ತುತ್ತದೆ. ಒಂದು ಸುತ್ತಿನಲ್ಲಿ ಪೂರ್ಣಸಂಖ್ಯೆಯ ಅಲೆಗಳಾಗಿ ಹೊಂದುವ ತರಂಗಾಂತರಗಳಷ್ಟೇ ಬಲಗೊಳ್ಳುತ್ತವೆ, ಉಳಿದವು ಅಳಿಸಿಹೋಗುತ್ತವೆ. ಹಾಗಾಗಿ ಬ್ರೋಮಿನ್ ಹರಳಿನ ಅಗಲವಾಗಿ ಹರಡಿದ್ದ ಹಸಿರು, ಹೊರಬರುವಾಗ ಸೂಜಿಯಷ್ಟು ಮೊನಚಾದ ಗೆರೆಗಳಾಗಿರುತ್ತದೆ. ಹರಳಿನ ಅಳತೆ ಬದಲಾದರೆ ಗೆರೆಗಳ ನಡುವಿನ ಅಂತರವೂ ಬದಲಾಗುತ್ತದೆ.

ಹೈದರಾಬಾದ್ ವಿಶ್ವವಿದ್ಯಾಲಯದವರೇ ಆದ ರಾಜದುರೈ ಚಂದ್ರಶೇಖರ್ ಅವರ ತಂಡ ಇಂಥ ಪುಟಾಣಿ ಹರಳುಗಳನ್ನು, ಅದರಲ್ಲೂ ಸಾವಯವ ಹರಳುಗಳನ್ನು, ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯಿಂದ ತಳ್ಳಿ, ಬಗ್ಗಿಸಿ, ಕತ್ತರಿಸಿ ಬೆಳಕಿನ ಸರ್ಕ್ಯೂಟ್ ಜೋಡಿಸುತ್ತದೆ.

ಪೆರೋವ್‌ಸ್ಕೈಟ್ ಲೇಸರನ್ನು ಬೆಳಗಿಸಲು ಬಹುತೇಕ ಪ್ರಯೋಗಗಳಲ್ಲಿ ಇನ್ನೊಂದು ಲೇಸರ್ ಬೇಕಾಗುತ್ತದೆ. ನೇರವಾಗಿ ವಿದ್ಯುತ್ತಿನಿಂದಲೇ ನಡೆಸಲು ಹೋದರೆ ಹರಳು ಬಿಸಿಯಾಗುತ್ತದೆ, ಅಯಾನುಗಳು ಜಾಗ ಬಿಟ್ಟು ಸರಿಯುತ್ತವೆ. ತೇವವಂತೂ ಅದಕ್ಕೆ ಆಗಿಬರುವುದೇ ಇಲ್ಲ.