ಎಷ್ಟು ಹೊತ್ತು ಕಾಯಬೇಕು?

ಮಕ್ಕಳೇ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿಯ ಕಾರು ಕಾರ್ಖಾನೆ ಇದೆ. ಟೊಯೊಟಾ ಕಾರ್ಖಾನೆಗಳಲ್ಲಿ 'ಆಂಡಾನ್' ಎಂಬ ಏರ್ಪಾಡು ಪ್ರಸಿದ್ಧ. ಜಪಾನಿ ಭಾಷೆಯಲ್ಲಿ ಹಾಗೆಂದರೆ ಕಾಗದದ ಲಾಟೀನು. ಕಾರುಗಳು ಸಾಲಾಗಿ ನಿಧಾನಕ್ಕೆ ಮುಂದೆ ಸಾಗುತ್ತಿರುತ್ತವೆ. ತಪ್ಪು ಕಂಡ ಕೆಲಸಗಾರರು ಹಗ್ಗ ಎಳೆದರೆ ದೀಪ ಹೊತ್ತುತ್ತದೆ, ತಂಡದ ನಾಯಕರು ಓಡಿ ಬರುತ್ತಾರೆ. ಕಾರು ಗೊತ್ತುಮಾಡಿದ ಗೆರೆ ಮುಟ್ಟುವುದರೊಳಗೆ ತಪ್ಪು ಸರಿಹೋಗಬೇಕು. ಇಲ್ಲದಿದ್ದರೆ ಸಾಲು ನಿಲ್ಲುತ್ತದೆ.

ಈಗಿನ ಕಾರಿನೊಳಗೆ ಪುಟ್ಟ ಕಂಪ್ಯೂಟರುಗಳೂ ಇವೆ. ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವುದು, ಅಪಘಾತವಾದಾಗ ಗಾಳಿಚೀಲ ಉಬ್ಬಿಸುವುದು ಅವುಗಳ ಕೆಲಸ. ಅವುಗಳಿಗೆ ಕೊಡುವ ಆದೇಶಗಳ ಸರಣಿಯೇ ತಂತ್ರಾಂಶ. ಇಂಥ ತಂತ್ರಾಂಶದಲ್ಲಿ ತಪ್ಪಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದ ಅದನ್ನು ನೂರಾರು ಬಾರಿ ಪರೀಕ್ಷಿಸುತ್ತಾರೆ. ಪರೀಕ್ಷೆ ಮಾಡುವುದೂ ಇನ್ನೊಂದು ತಂತ್ರಾಂಶವೇ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೂ ಅದು ಒಂದಾದ ಮೇಲೊಂದು ಪರೀಕ್ಷೆ ನಡೆಸುತ್ತಿರುತ್ತದೆ. ಮೂರನೆಯ ಪರೀಕ್ಷೆಯೇ ಮುಗಿಯದೆ ಸಿಕ್ಕಿಕೊಂಡರೆ? ಉಳಿದವು ಬೆಳಗಿನವರೆಗೂ ಸರದಿ ಕಾಯುತ್ತಲೇ ಇರುತ್ತವೆ!

ಮುಗಿಯದೆ ಇರುವುದೆಂದರೇನು? ಒಂದು ಆಟ ಆಡಿ ನೋಡಿ. ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ಸಮಸಂಖ್ಯೆಯಾದರೆ ಅರ್ಧ ಮಾಡಿ. ಬೆಸಸಂಖ್ಯೆಯಾದರೆ ಮೂರರಿಂದ ಗುಣಿಸಿ 1 ಕೂಡಿಸಿ. 1 ಬಂದಾಗ ನಿಲ್ಲಿಸಿ. 6ರಿಂದ ಹೊರಟರೆ 3, 10, 5, 16, 8, 4, 2, 1. ಎಂಟೇ ಹೆಜ್ಜೆ. ಈಗ '1 ಕೂಡಿಸಿ' ಎನ್ನುವ ಕಡೆ ಕೈತಪ್ಪಿನಿಂದ '1 ಕಳೆಯಿರಿ' ಎಂದಾಯಿತು ಎನ್ನಿ. 5ರಿಂದ ಹೊರಟರೆ 14, 7, 20, 10, ಮತ್ತೆ 5! ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತೀರಿ. ಕಂಪ್ಯೂಟರಿಗೆ ಬೇಸರವೂ ಆಗುವುದಿಲ್ಲ ನೋಡಿ, ಅದೇ ತೊಂದರೆ.

ಹಾಗಾಗಿ ಪ್ರತಿ ಪರೀಕ್ಷೆಗೂ ಕಾಲಮಿತಿ ಇಡುತ್ತಾರೆ. ಮಿತಿ ಮೀರಿದರೆ ಅದನ್ನು ನಿಲ್ಲಿಸಿ, ಎಲ್ಲಿ ಸಿಕ್ಕಿಕೊಂಡಿತ್ತು ಎಂದು ಬರೆದಿಟ್ಟು, ಮುಂದಿನದಕ್ಕೆ ಹೋಗುವುದು. ಆದರೆ ಮಿತಿ ಎಷ್ಟಿರಬೇಕು? ನಮ್ಮ ಆಟಕ್ಕೆ '20 ಹೆಜ್ಜೆ' ಎಂದು ಇಡೋಣವೇ? 7ರಿಂದ ಹೊರಟರೆ 16 ಹೆಜ್ಜೆ, ಪಾಸು. 27ರಿಂದ ಹೊರಟರೆ 9232ರವರೆಗೂ ಏರಿ, 111 ಹೆಜ್ಜೆಗಳಾದ ಮೇಲೆ 1 ಸಿಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೂ ಅನ್ಯಾಯವಾಗಿ ನಪಾಸು! (27ನ್ನು ಮಾಡುವಾಗ ನಾನೇ ಎರಡು ಸಲ ಎಡವಿದ್ದೇನೆ.) ಹಾಗೆಂದು ಮಿತಿಯನ್ನು ಬಹಳ ದೊಡ್ಡದು ಮಾಡಿದರೆ ಕಾಯುವುದೇ ಕೆಲಸವಾಗುತ್ತದೆ. ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕೆಂದು ಮೊದಲು ಅಳೆದು, ಅದರ ಕೆಲವು ಪಟ್ಟು ಮಿತಿ ಇಡುವುದು ಜಾಣತನ. 'ಸಮಯ ಮುಗಿಯಿತು' ಎಂದರೆ 'ಉತ್ತರ ತಪ್ಪು' ಎಂದಲ್ಲ, 'ಇನ್ನೂ ಉತ್ತರ ಬಂದಿಲ್ಲ' ಎಂದಷ್ಟೇ.

ಕಂಪ್ಯೂಟರನ್ನೇ ಕೇಳಿ ಮೊದಲೇ ತಿಳಿಯಬಾರದೇ? ಆಗದು. ಯಾವ ಕೆಲಸ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ ಎಂದು ಎಲ್ಲ ಸಂದರ್ಭದಲ್ಲೂ ಹೇಳಬಲ್ಲ ವಿಧಾನ ಇರಲಾರದು ಎಂದು ಇಂಗ್ಲೆಂಡಿನ ಗಣಿತಜ್ಞ ಆಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿ ತೋರಿಸಿದರು.

ರಸ್ತೆಗಿಳಿದ ಕಾರಿನಲ್ಲೂ ಇಂಥ ಮಿತಿ ಇರುತ್ತದೆ. ಅಲ್ಲಿನ ಕಂಪ್ಯೂಟರು ಆಗಾಗ 'ನಾನು ಸರಿಯಾಗಿದ್ದೇನೆ' ಎಂಬ ಸಂಕೇತ ಕೊಡುತ್ತಿರಬೇಕು. ಸಂಕೇತ ತಡವಾದರೆ 'ಕಾವಲು ನಾಯಿ' ಎಂದೇ ಕರೆಯುವ ಗಡಿಯಾರವೊಂದು ಅದನ್ನು ಹೊಸದಾಗಿ ಚಾಲೂ ಮಾಡುತ್ತದೆ. 1994ರ ಮೇ ತಿಂಗಳಲ್ಲಿ ಚಂದ್ರನನ್ನು ಸುತ್ತಿ ಮುಗಿಸಿದ ಅಮೆರಿಕದ ಕ್ಲೆಮೆಂಟೈನ್ ನೌಕೆಯ ಕಂಪ್ಯೂಟರು ಕೆಟ್ಟಾಗ, ಹೀಗೆ ತಡೆಯುವ ಕಾವಲು ಕೆಲಸ ಮಾಡುತ್ತಿರಲಿಲ್ಲ. ಪುಟ್ಟ ರಾಕೆಟ್ ಉರಿಯುತ್ತಲೇ ಇದ್ದು ಇಂಧನ ಖಾಲಿಯಾಯಿತು. ಜಿಯೊಗ್ರಾಫೊಸ್ ಎಂಬ ಕ್ಷುದ್ರಗ್ರಹದ ಬಳಿ ಹೋಗಬೇಕಾಗಿದ್ದ ನೌಕೆ ಅಲ್ಲಿಗೆ ಹೋಗಲೇ ಇಲ್ಲ.