ಮುಖಕ್ಕೆ ಲೇಸರ್: ಮೊದಲು ನಮ್ಮ ಬಿಸಿಲನ್ನು ನೆನೆಯಿರಿ

ಹೆಣ್ಣುಮಕ್ಕಳ ಮುಖದ ಮೇಲೆ ನಾಲ್ಕು ಮೊಡವೆ ಎದ್ದರೆ ಸಾಕು, ಮನೆಮಂದಿಗೆಲ್ಲ ಅದೇ ಚಿಂತೆ. ಕಡಲೆಹಿಟ್ಟು, ಅರಿಶಿನ, ಗಂಧ ಎಲ್ಲ ಹಚ್ಚಿದ್ದಾಯಿತು. ಮೊಡವೆ ಹೋದರೂ ಗುಳಿ ಉಳಿಯಿತು. ಹೆಣ್ಣು ನೋಡಲು ಬರುವವರು ಏನಂದಾರೋ ಅನ್ನೋ ಅಳುಕು ಬೇರೆ. ಆಗ ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ, "ಲೇಸರ್ ಮಾಡಿಸಿಬಿಡಿ, ಮುಖ ಕನ್ನಡಿ ಥರ ಆಗುತ್ತೆ" ಅಂತ.

ಲೇಸರ್ ಕೆಟ್ಟದ್ದೇನಲ್ಲ, ಸರಿಯಾಗಿ ಮಾಡಿದರೆ ಒಳ್ಳೆಯ ಚಿಕಿತ್ಸೆಯೇ. ಆದರೆ ಯಂತ್ರದ ಕೆಲಸ ಅರ್ಧ ಗಂಟೆಯದು. ಉಳಿದ ಕೆಲಸ ಮನೆಯಲ್ಲಿ ವಾರಗಟ್ಟಲೆ ನಮ್ಮದೇ. ಅದರಲ್ಲೂ ಪಾವಗಡ, ಮಧುಗಿರಿ, ಶಿರಾ ಕಡೆಯ ನಮಗೆ ಎಲ್ಲಕ್ಕಿಂತ ದೊಡ್ಡ ಮಾತು ಬಿಸಿಲು.

ಲೇಸರ್ ಏನು ಮಾಡುತ್ತೆ?

ಲೇಸರ್ ಎಂದರೆ ಒಂದೇ ಗೆರೆಯಲ್ಲಿ ಸಾಗುವ ತೀಕ್ಷ್ಣವಾದ ಬೆಳಕು. ಚರ್ಮದ ಚಿಕಿತ್ಸೆಗೆ ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿದವರು ಸಿ. ಕುಮಾರ್ ಪಟೇಲ್. ಇವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಈ ಬೆಳಕನ್ನು ಚರ್ಮದೊಳಗಿನ ನೀರು ಹೀರಿಕೊಳ್ಳುತ್ತದೆ. ಆ ಶಾಖಕ್ಕೆ ಮೇಲಿನ ಪದರ ಆವಿಯಾಗಿ ಹೋಗುತ್ತದೆ, ಒಳಪದರಕ್ಕೂ ಕಾವು ತಟ್ಟುತ್ತದೆ. ಗಾಯ ಮಾಯುವಾಗ ಒಳಗಿನಿಂದ ಹೊಸ ನಾರು ಬೆಳೆದು ಗುಳಿ ಮೇಲೇಳುತ್ತದೆ. ಅಂದರೆ ಇದು ಬೇಕೆಂದೇ, ಲೆಕ್ಕ ಹಾಕಿ ಮಾಡುವ ಒಂದು ಗಾಯ. ಈ ಮಾತನ್ನು ಮರೆಯಬಾರದು.

ಮೊದಲೆಲ್ಲ ಪೂರ್ತಿ ಪದರವನ್ನೇ ತೆಗೆಯುತ್ತಿದ್ದರು. ಮಾಯಲು ಎರಡು ವಾರ ಬೇಕಾಗುತ್ತಿತ್ತು, ಕೆಂಪು ತಿಂಗಳುಗಟ್ಟಲೆ ಇರುತ್ತಿತ್ತು. 2004ರಲ್ಲಿ 'ಫ್ರಾಕ್ಷನಲ್' ಎಂಬ ಹೊಸ ವಿಧಾನ ಬಂತು. ಇದರಲ್ಲಿ ಜರಡಿಯ ಕಣ್ಣಿನಂತೆ ಸಣ್ಣ ಸಣ್ಣ ಚುಕ್ಕೆಗಳಷ್ಟೇ ಬೀಳುತ್ತವೆ. ನಡುವಿನ ಚರ್ಮ ಹಾಗೇ ಇರುವುದರಿಂದ ಒಂದು ವಾರದೊಳಗೆ ಸಾಮಾನ್ಯವಾಗಿ ಮಾಯುತ್ತದೆ. ಆದರೆ ಒಂದೇ ಸಲಕ್ಕೆ ಮುಗಿಯದು. ತಿಂಗಳು, ಒಂದೂವರೆ ತಿಂಗಳ ಅಂತರದಲ್ಲಿ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ.

ನಮ್ಮ ಬಣ್ಣ, ನಮ್ಮ ಬಿಸಿಲು

ಒಗ್ಗರಣೆ ಸಿಡಿದ ಕಡೆ, ಸೊಳ್ಳೆ ಕಚ್ಚಿ ಕೆರೆದುಕೊಂಡ ಕಡೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಗಾಯವಾದ ಕಡೆ ನಮ್ಮ ಚರ್ಮ ಹೆಚ್ಚು ಬಣ್ಣ ಸುರಿಸುತ್ತದೆ. ಫಿಟ್ಸ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯರು 1975ರಲ್ಲಿ ಶುರುಮಾಡಿದ ಪಟ್ಟಿಯಲ್ಲಿ ಈಗ ಚರ್ಮಕ್ಕೆ ಆರು ವರ್ಗ. ನಾವು ಹೆಚ್ಚಿನವರು ನಾಲ್ಕು, ಐದನೆಯ ವರ್ಗದವರು. ಈ ವರ್ಗದವರಿಗೆ ಲೇಸರ್ ಆದ ಮೇಲೆ ಮುಖ ಕಪ್ಪಿಡುವ ಭಯ ಬಿಳಿಯರಿಗಿಂತ ಬಹಳ ಹೆಚ್ಚು. ಬಹುಪಾಲು ಈ ಕಪ್ಪು ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಬಿಸಿಲು ಬಿದ್ದರೆ ಮಾತ್ರ ಇನ್ನೂ ಗಟ್ಟಿಯಾಗುತ್ತದೆ.

ನಮ್ಮ ಬಿಸಿಲು ಎಂಥದ್ದು ಅಂತ ಹೇಳಬೇಕೆ? ಪಾವಗಡ ತಾಲ್ಲೂಕಿನ ಬಲಸಮುದ್ರ, ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿರುವುದೇ ಈ ಬಿಸಿಲಿಗಾಗಿ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಇಷ್ಟು ಕರೆಂಟು ಕೊಡುವ ಬಿಸಿಲು, ಮೇಲ್ಪದರ ಕಳೆದುಕೊಂಡ ಹಸಿ ಚರ್ಮಕ್ಕೆ ಏನು ಮಾಡೀತು ಎಂದು ನೀವೇ ಯೋಚಿಸಿ. ಕಡಲೇಕಾಯಿ ಹೊಲದಲ್ಲಿ ಕಳೆ ಕೀಳುವವರು, ಪಾರ್ಕಿನಲ್ಲಿ ಹುಲ್ಲು ಕೊಯ್ಯುವ ಕೂಲಿಗೆ ಹೋಗುವವರು, ಕೆಲವು ವಾರ ನೆರಳಲ್ಲಿರಲು ಸಾಧ್ಯವೇ ಅಂತ ಮೊದಲು ನೋಡಿಕೊಳ್ಳಬೇಕು. ಆಗದಿದ್ದರೆ ಲೇಸರ್ ಮುಂದಕ್ಕೆ ಹಾಕುವುದೇ ಲೇಸು. ಶಿವರಾತ್ರಿ ಕಳೆದು ಬಿಸಿಲೇರುವ ತಿಂಗಳುಗಳಂತೂ ಬೇಡವೇ ಬೇಡ.

ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗೋಲ್ಲ

ಮೊಡವೆಯ ಗುಳಿ, ಸೀತಾಳೆ ಸಿಡುಬಿನ ಗುಂಡಿ, ಕೆಲವು ಬಗೆಯ ಹಳೆಯ ಗಾಯದ ಗುರುತು, ಸುಕ್ಕು, ಇವಕ್ಕೆ ಗುಣ ಕಾಣುತ್ತದೆ. ಕಡಿಮೆಯಾಗುತ್ತವೆ, ಪೂರ್ತಿ ಮಾಯವಾಗುವುದಿಲ್ಲ. ಬಂಗಿಗೆ ಇದು ಮೊದಲ ಮದ್ದಲ್ಲ, ಶಾಖಕ್ಕೆ ಬಂಗು ಹೆಚ್ಚುವುದೂ ಉಂಟು. ಕಪ್ಪಗಿರುವವರನ್ನು ಬೆಳ್ಳಗೆ ಮಾಡುವುದಂತೂ ಈ ಚಿಕಿತ್ಸೆಯ ಕೆಲಸವೇ ಅಲ್ಲ. ಚರ್ಮದ ಮೇಲೆ ಮುಟ್ಟಿದರೂ ಗೊತ್ತಾಗದ ತಿಳಿ ಮಚ್ಚೆ ಇದ್ದರೆ ಅದು ಅಂದಚಂದದ ವಿಷಯವಲ್ಲ. ಕುಷ್ಠದ ಲಕ್ಷಣ ಇರಬಹುದು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಯಾರ ಕೈಗೆ ಮುಖ ಕೊಡಬೇಕು?

ಬ್ಯೂಟಿ ಪಾರ್ಲರಿನವರ ಕೈಗೆ ಖಂಡಿತ ಅಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದವರು, ಇಲ್ಲವೇ ಪ್ಲಾಸ್ಟಿಕ್ ಸರ್ಜನ್ ಆಗಿರಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. 2007ರ ಕಾಯಿದೆಯಂತೆ ನಮ್ಮ ರಾಜ್ಯದ ಖಾಸಗಿ ಚಿಕಿತ್ಸಾಲಯಗಳು ನೋಂದಣಿಯಾಗಿರಬೇಕು. ಕೇಳಲು ಸಂಕೋಚ ಬೇಡ. ಸೀರೆ ಅಂಗಡಿಯಲ್ಲಿ ಹತ್ತು ಪ್ರಶ್ನೆ ಕೇಳುವ ನಾವು ಮುಖದ ವಿಷಯದಲ್ಲಿ ಬಾಯಿ ಮುಚ್ಚಿ ಕೂರಬೇಕೇ?

ಡಾಕ್ಟರ ಹತ್ತಿರ ಮುಚ್ಚಿಡಬೇಡಿ

ಬಸುರಿ, ಹಾಲೂಡಿಸುವ ತಾಯಂದಿರು ಕಾಯುವುದೇ ಸರಿ. ಕೀವು ತುಂಬಿದ ಮೊಡವೆ ಇದ್ದಾಗಲೂ ಬೇಡ. ಗಾಯವಾದರೆ ಗಂಟುಗಟ್ಟುವ ಚರ್ಮ, ತುಟಿ ಮೇಲೆ ಆಗಾಗ ಏಳುವ ಜ್ವರದ ಗುಳ್ಳೆ, ಸಕ್ಕರೆ ಕಾಯಿಲೆ, ತೊನ್ನು, ಮೊಡವೆಗೆ ನುಂಗುತ್ತಿರುವ ಐಸೋಟ್ರೆಟಿನಾಯಿನ್ ಮಾತ್ರೆ, ಎಲ್ಲವನ್ನೂ ಹೇಳಿ. ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ಟ್ಯೂಬಿನ ಹೆಸರನ್ನೂ ಹೇಳಿ. ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದು ಚರ್ಮವನ್ನು ತೆಳ್ಳಗಾಗಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾಡಿದ್ದೂ ಈ ಹಾವಳಿಯಿಂದಲೇ.

ಮನೆಗೆ ಬಂದ ಮೇಲೆ

ಮರಗಟ್ಟಿಸುವ ಮುಲಾಮು ಹಚ್ಚಿ, ಕಣ್ಣಿಗೆ ಮುಚ್ಚಿಗೆ ಇಟ್ಟು ಚಿಕಿತ್ಸೆ ಮಾಡುತ್ತಾರೆ. ಆಮೇಲೆ ಎರಡು ಮೂರು ದಿನ ಮುಖ ಕೆಂಪಾಗಿ ಊದಿಕೊಳ್ಳುತ್ತದೆ, ಉರಿಯುತ್ತದೆ. ನಂತರ ಕಂದು ಹೊಟ್ಟು ಕಟ್ಟಿ ತಾನಾಗಿ ಉದುರುತ್ತದೆ. ಕೀಳಬೇಡಿ, ಉಜ್ಜಬೇಡಿ. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಡಾಕ್ಟರು ಹೇಳಿದ ಮುಲಾಮನ್ನೇ ಹಚ್ಚಿ. ಅರಿಶಿನ, ನಿಂಬೆರಸ, ಲೋಳೆಸರ ಏನೂ ಬೇಡ. ಅಜ್ಜಿ ಎಷ್ಟೇ ಒತ್ತಾಯ ಮಾಡಲಿ! ಸೌದೆ ಒಲೆಯ ಮುಂದಿನ ಕೆಲಸವನ್ನು ಆ ವಾರ ಬೇರೆಯವರು ನೋಡಿಕೊಳ್ಳಲಿ. ಗಾಯ ಮಾಯ್ದ ಮೇಲೆ ಎಸ್.ಪಿ.ಎಫ್. 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಎರಡು ಬೆರಳುದ್ದ ತೆಗೆದು ಹಚ್ಚಿ. ಹೊರಗೆ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜೊತೆಗೆ ಕೊಡೆ, ತಲೆ ಮೇಲೆ ಸೆರಗು. ಮೋಡ ಇದ್ದರೂ ಬಿಡಬೇಡಿ.

ನೋವು ದಿನೇ ದಿನೇ ಏರಿದರೆ, ಕೀವು, ಜ್ವರ, ಹೊಸ ಗುಳ್ಳೆ ಕಂಡರೆ ಅಂದೇ ಡಾಕ್ಟರನ್ನು ಕಾಣಿ.

ಹಣ ಮತ್ತು ಮುಹೂರ್ತ

ಒಂದೊಂದು ಸಲಕ್ಕೂ ಸಾವಿರಾರು ರೂಪಾಯಿ. ಅಂದಕ್ಕಾಗಿ ಮಾಡಿಸಿದ್ದಕ್ಕೆ ವಿಮೆ ಸಾಮಾನ್ಯವಾಗಿ ಸಿಗದು. ಪಾರ್ಕಿಗೆ ಜಮೀನು ಕೊಟ್ಟವರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತಾಗಿತ್ತು. ಪೂರ್ತಿ ಚಿಕಿತ್ಸೆಗೆ ಅಷ್ಟೂ ಹಣ ಸಾಲದೆ ಹೋಗಬಹುದು. ಆದ್ದರಿಂದ ಒಂದು ಸಲದ್ದಲ್ಲ, ಒಟ್ಟು ಖರ್ಚು ಕೇಳಿ. ಮದುವೆಗೆ ಇಪ್ಪತ್ತು ದಿನ ಇರುವಾಗ ಹೊರಡಬೇಡಿ. ಐದಾರು ತಿಂಗಳಾದರೂ ಕೈಯಲ್ಲಿರಲಿ.

ಹೋಗುವ ದಿನ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ:

• ನನ್ನ ಗುಳಿಗೆ ಲೇಸರೇ ಬೇಕೇ, ಬೇರೆ ದಾರಿ ಇದೆಯೇ?
• ಎಷ್ಟು ಗುಣ ಕಂಡೀತು? ಎಷ್ಟು ಸಲ, ಒಟ್ಟು ಎಷ್ಟು ಖರ್ಚು?
• ಯಂತ್ರ ಹಿಡಿಯುವವರು ನೀವೇನಾ, ಸಹಾಯಕರೇ?
• ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ನೋಡುತ್ತೀರಾ?
• ಮುಖ ಕಪ್ಪಿಟ್ಟರೆ ಏನು ಮಾಡುತ್ತೀರಿ?

ಇವಕ್ಕೆ ಸಮಾಧಾನವಾಗಿ ಉತ್ತರ ಕೊಡುವ ಡಾಕ್ಟರು ಸಿಕ್ಕರೆ ಮುಂದುವರಿಯಿರಿ. "ಏನೂ ಆಗೋಲ್ಲ, ಇವತ್ತೇ ಮಾಡಿಸಿಬಿಡಿ" ಅಂದರೆ ಚೀಟಿ ಮಡಿಸಿಕೊಂಡು ಮುಂದಿನ ಬಸ್ಸಿಗೆ ಊರಿಗೆ ಬನ್ನಿ. ಗುಳಿ ಇನ್ನೊಂದು ವರ್ಷ ಕಾಯುತ್ತದೆ, ಸುಟ್ಟ ಮುಖ ಮಾತ್ರ ಮೊದಲಿನಂತಾಗುವುದು ಕಷ್ಟ.